ಮನೆಯ ಹಳೆ ಪತ್ರದಲ್ಲಿ ‘ಬಿಳಿಯರಿಗೆ ಮಾತ್ರ’ ಅಂತ ಇದೆ, ಏನು ಮಾಡಲಿ?

ಹಾಸನದವಳು:
ಹೋದ ತಿಂಗಳು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಹಳೆ ಮನೆ ತಗೊಂಡೆವು. ರಾತ್ರಿ ಅಡುಗೆಮನೆ ಮೇಜಿನ ಮೇಲೆ ಕ್ರಯಪತ್ರಗಳನ್ನು ಹರಡಿಕೊಂಡು ಓದುತ್ತಿದ್ದೆ. ಬೇಲಿ, ಚರಂಡಿ ಷರತ್ತುಗಳ ಮಧ್ಯೆ ಟೈಪ್ ಮಾಡಿದ ಒಂದು ಸಾಲು: ಬಿಳಿಯರಲ್ಲದವರಿಗೆ ಈ ಜಾಗ ಮಾರಬಾರದು, ಬಾಡಿಗೆಗೂ ಕೊಡಬಾರದು. ಕೈ ತಣ್ಣಗಾಯಿತು. ಅಂದ್ರೆ ನಾವೂ ಇಲ್ಲಿರುವ ಹಾಗಿಲ್ಲ ಅಂತ ಅಲ್ವಾ? ತೆಗೆಸಬಹುದಾ?

ಸರೋವರ:
ಗಾಬರಿ ಬೇಡ ಅಕ್ಕಾ, ಅದಕ್ಕೀಗ ಕಾನೂನಿನ ಬೆಲೆ ಇಲ್ಲ. ಇಂಥ ಷರತ್ತನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಅಂತ 1948ರಲ್ಲೇ ಇಲ್ಲಿನ ಸುಪ್ರೀಂ ಕೋರ್ಟ್ ಹೇಳಿತು, 1968ರಲ್ಲಿ ಮನೆ ಮಾರಾಟ, ಬಾಡಿಗೆಯಲ್ಲಿ ಜನಾಂಗಭೇದ ಮಾಡಬಾರದು ಅನ್ನುವ ಫೇರ್ ಹೌಸಿಂಗ್ ಕಾಯ್ದೆಯೂ ಬಂತು. 2019ರಿಂದ ನಮ್ಮ ಮಿನ್ನೆಸೋಟ ರಾಜ್ಯದಲ್ಲಿ ಮಾಲೀಕರೇ ಒಂದು ಫಾರ್ಮ್ ತುಂಬಿ, ನೋಟರಿ ಮಾಡಿಸಿ, ಕೌಂಟಿ ಕಚೇರಿಯಲ್ಲಿ ಆ ಷರತ್ತು ರದ್ದು ಅಂತ ದಾಖಲಿಸಬಹುದು. ಇಂಥ ಷರತ್ತು ರದ್ದು ಮಾಡಿಸಲು ನೆರವಾಗುವ ‘ಜಸ್ಟ್ ಡೀಡ್ಸ್’ ಯೋಜನೆಯಲ್ಲಿ ನಗರವೂ ಸೇರಿದೆ, ಮನೆಯವರಿಗೆ ಖರ್ಚಿಲ್ಲದೆ ಮಾಡಿಕೊಡುತ್ತಾರೆ.

ಹಳೆಕಡತ:
ಆದರೆ ಹಳೆ ಪತ್ರ ಅಳಿಸಿ ಹೋಗಲ್ಲ, ಅದರ ಜೊತೆ ಹೊಸ ದಾಖಲೆ ಸೇರುತ್ತದೆ ಅಷ್ಟೇ. ನನಗೆ ಅದೇ ಸರಿ ಅನಿಸುತ್ತದೆ. ಮಿನ್ನೆಸೋಟ ವಿಶ್ವವಿದ್ಯಾಲಯದ ‘ಮ್ಯಾಪಿಂಗ್ ಪ್ರೆಜುಡಿಸ್’ ಸಂಶೋಧನಾ ತಂಡದವರು ಸ್ವಯಂಸೇವಕರನ್ನು ಕೂರಿಸಿ ಇಂಥ ಪತ್ರಗಳನ್ನು ಓದಿಸಿ ನಕ್ಷೆ ಮಾಡಿದ್ದರಿಂದಲೇ ನಗರದಲ್ಲಿ ಇಂಥವು ಸಾವಿರಗಟ್ಟಲೆ ಇವೆ ಅಂತ ಜನರಿಗೆ ಗೊತ್ತಾಗಿದ್ದು. ಪತ್ರ ಹರಿದು ಹಾಕಿದ್ದರೆ ಸಾಕ್ಷಿ ಎಲ್ಲಿರುತ್ತಿತ್ತು?

ನೀಲಿಬಾಗಿಲು:
ಸುಮ್ನೆ ಫಾರ್ಮ್ ಹಾಕಿ ಮರೆಯಬೇಡಿ. ಆಗ ಮನೆ ಸಿಗದ ಕರಿಯರ ಮಕ್ಕಳು ಮೊಮ್ಮಕ್ಕಳಿಗೆ ಆಸ್ತಿಯೂ ಬರಲಿಲ್ಲ, ಆ ನಷ್ಟ ಜಾಸ್ತಿ ದೊಡ್ಡದು. ಅವರು ಮನೆ ಕೊಳ್ಳೋಕೆ ನಗರ ದುಡ್ಡಿಡಬೇಕು.

ಹಾಸನದವಳು:
ನಾಳೆಯೇ ಅರ್ಜಿ ಹಾಕುತ್ತೇನೆ. ಪಕ್ಕದ ಮನೆ ಅಜ್ಜಿಗೂ ತೋರಿಸಿದೆ, ಅವರ ಪತ್ರದಲ್ಲೂ ಅದೇ ಸಾಲು ಇದೆಯಂತೆ.