ಅನುಕರಣೆ, ಅನುಸರಣೆ, ನಕಲು, ಅಣಕ: ಮಕ್ಕಳಿಗೆ ಹೆಂಗ ಬಿಡಿಸಿ ಹೇಳೋದು?

ಪ್ರಶ್ನೆ (ಜಮಖಂಡಿ, ಪ್ರೌಢಶಾಲೆ ಶಿಕ್ಷಕಿ): ಒಂಬತ್ತನೆಯ ತರಗತಿಯವರು ‘ಗಾಂಧೀಜಿಯವರ ತತ್ವಗಳನ್ನು ಅನುಕರಿಸಬೇಕು’ ಅಂತ ಬರೀತಾರ. ತಪ್ಪು ಯಾಕಂತ ಮನಸ್ಸಿಗೆ ಹತ್ತೂ ಹಂಗ ಹೇಳೋದು ಹೆಂಗ? ಅನುಕರಣಾವ್ಯಯದ (ಚಟಚಟ, ಪಟಪಟದಂಥ ಸಪ್ಪಳದ ಶಬ್ದಗಳ) ಪಾಠಕ್ಕೂ ದಾರಿ ತೋರಿಸ್ರಿ.

ಬೆಳಗಾವಿಯಿಂದ: ಅಕ್ಕೋರ, ಧಾತುವಿನಿಂದ ಸುರು ಮಾಡ್ರಿ. ಅನುಕರಣೆಯೊಳಗಿನ ಸಂಸ್ಕೃತ ಧಾತು ‘ಕೃ’ ಅಂದ್ರ ಮಾಡು, ಅನುಸರಣೆಯೊಳಗಿನ ‘ಸೃ’ ಅಂದ್ರ ಸಾಗು. ನಡಿಗೆ, ದನಿ, ಕೈಬರಹ ಇವನ್ನು ನೋಡಿ ಹಂಗೇ ಮಾಡಬಹುದು, ಅದಕ್ಕ ಅನುಕರಿಸು. ತತ್ವ, ನಿಯಮ, ಸಲಹೆ ಮಾಡಿ ತೋರಿಸೋವಲ್ಲ, ಅವುಗಳಂತೆ ನಡೀಬೇಕು, ಅದಕ್ಕ ಅನುಸರಿಸು. ವಾಕ್ಯದೊಳಗ ‘ಹಾಗೇ ಮಾಡು’, ‘ಅದರಂತೆ ನಡೆ’ ಎರಡನ್ನೂ ಇಟ್ಟು ಓದಿಸ್ರಿ, ಯಾವುದು ಹೊಂದತದೋ ಅದು ಸರಿ. ಅನುಕರಣೆ ಬೈಗುಳಲ್ಲ ಅನ್ನೋದನ್ನೂ ಹೇಳಲೇಬೇಕು. ‘ಅನುಕರಣೀಯ ನಡತೆ’ ಮೆಚ್ಚುಗೆ, ದೋಷ ಬರೋದು ‘ಅಂಧಾನುಕರಣೆ’ಯೊಳಗ. ಅಲ್ಲಿ ‘ಧ’ಕ್ಕೆ ‘ದ’ ಬರೆಯೋರು ಭಾಳ.

ವಿಜಯಪುರದಿಂದ: ನಕಲಿಗೆ ನಮ್ಮ ಕಡೆ ಉತಾರಕ್ಕಿಂತ (ಹೊಲದ ಪಹಣಿ ಪತ್ರ) ಒಳ್ಳೆ ಉದಾಹರಣೆ ಇಲ್ರಿ. ‘ಹೊಲದ ಉತಾರದ ನಕಲು’ ಕಚೇರಿಯವರೇ ಕೊಡೋ ಪ್ರತಿ. ‘ನಕಲಿ ಉತಾರ’ ಅಂದ್ರ ಪೊಲೀಸ್ ಕೇಸು. ಒಂದೇ ಗುಣಿತದಾಗ ಅರ್ಥ ತಿರುವುಮುರುವು! ಪರೀಕ್ಷೆಯೊಳಗ ಮಾತ್ರ ‘ನಕಲು’ ಅನ್ನೋದೇ ಅಪರಾಧ. ಇನ್ನು ಅಣಕದಾಗ ಚುಚ್ಚು ಇರ್ತದ. ಕುಂಟೋರನ್ನು ನೋಡಿ ಕುಂಟಿ ತೋರಿಸಿದರ ಅದು ಅಣಕಿಸೋದು. ‘ಅಣಕು ಸಂಸತ್ತು’ ಇದಕ್ಕ ಹೊರತು, ಅದರಾಗ ಹಂಗಿಸೋದು ಏನೂ ಇಲ್ಲ.

ಬಾಗಲಕೋಟೆಯಿಂದ: ಅವ್ಯಯದ್ದು ನಾ ಹೇಳ್ತೀನ್ರಿ. ಸಾಸಿವೆ ಚಟಚಟ ಸಿಡಿದವು, ರೊಟ್ಟಿ ಪಟಪಟ ಬಡಿದಳು: ಕೇಳಿಸಿದ ಸಪ್ಪಳವನ್ನೇ ಬಾಯಿಂದ ಹೊರಡಿಸಿದ ಶಬ್ದಗಳಿವು. ಎರಡು ಸಲ ಬಂದದ್ದೆಲ್ಲಾ ಅನುಕರಣಾವ್ಯಯ ಅಂತ ಹುಡುಗರು ಬರೆಯೋದ್ರಿಂದಲೇ ಅಂಕ ಹೋಗ್ತಾವ. ಅರ್ಧ ಮುಚ್ಚಿ ಓದಸ್ರಿ. ‘ಬೇಗ ಬೇಗ’ದೊಳಗ ಒಂದು ‘ಬೇಗ’ ಉಳಿದರೂ ಅರ್ಥ ಅದ, ಅದು ದ್ವಿರುಕ್ತಿ. ‘ಚಟ’ ಒಂದೇ ಉಳಿದರ ಸಿಡಿಯೋ ಸಪ್ಪಳ ಹೋಗಿ ದುಶ್ಚಟದ ಚಟ ಆಗ್ತದ.

ಬೆಳಗಾವಿಯಿಂದ: ಇದಕ್ಕ ಇನ್ನೊಂದು ಸೇರಸ್ರಿ. ‘ಪಟಪಟನೆ’ ಕಲಿತ ಮ್ಯಾಲ ‘ನೆ’ ಕಂಡಲ್ಲೆಲ್ಲಾ ಅನುಕರಣ ಅಂತಾರ. ಮೆಲ್ಲನೆ, ಸುಮ್ಮನೆ, ಬೇಗನೆ ಇವು ಸಪ್ಪಳ ಅಲ್ಲ, ಕೆಲಸ ನಡೆದ ರೀತಿ ಹೇಳೋ ಸಾಮಾನ್ಯಾವ್ಯಯ. ‘ಎಂದು’ ಹಚ್ಚಿ ನೋಡಸ್ರಿ: ‘ಪಟಪಟ ಎಂದು ಬಡಿದಳು’ ಕೂಡತದ, ‘ಮೆಲ್ಲ ಎಂದು ನಡೆದಳು’ ಕೂಡಂಗಿಲ್ಲ.