ಒಂದು ಗೋಲು ಬಿದ್ದ ಕೂಡಲೇ ತಂಡ ಕುಸಿಯುತ್ತದೆ, ಏನು ಮಾಡೋದು?

ಕೇಳಿದವರು, ಚಿಕ್ಕಮಗಳೂರು

ಊರಿನ ಹುಡುಗರೇ ಸೇರಿ ಕಟ್ಟಿಕೊಂಡ ಫುಟ್‌ಬಾಲ್ ತಂಡ ನಮ್ಮದು. ಹೋದ ವರ್ಷ 2 ಕಪ್ ಗೆದ್ದಿದ್ದೆವು. ಈ ವರ್ಷವೂ ಅದೇ ಹುಡುಗರು, ಆದರೆ ಸಾಲಾಗಿ 5 ಸೋಲು. ಮೊದಲ 20 ನಿಮಿಷ ಚೆನ್ನಾಗೇ ಆಡುತ್ತಾರೆ. ಒಂದು ಗೋಲು ಬಿತ್ತೋ, ಎಲ್ಲರ ತಲೆಯೂ ಕೆಳಗೆ. ಪ್ರಾಕ್ಟೀಸ್‌ಗೆ 16 ಜನರಲ್ಲಿ ಏಳೆಂಟು ಮಂದಿ ಬಂದರೆ ಅದೇ ದೊಡ್ಡದು. ಕಾನ್ಫಿಡೆನ್ಸ್ ಹೋಗಿದೆಯೋ, ಮನಸ್ಸೇ ಇಲ್ಲವೋ ಗೊತ್ತಾಗುತ್ತಿಲ್ಲ. ಇದನ್ನು ದಾಟಿ ಬಂದವರಿದ್ದರೆ ಹೇಳಿ.

ಮೂಡಿಗೆರೆಯಿಂದ

ನಮ್ಮದು 7 ಸೋಲು, ನಿಮಗಿಂತ ಮುಂದಿದ್ದೆವು. ನಾನು ಮೊದಲು ಮಾಡಿದ ತಪ್ಪು ಭಾಷಣ. 'ನಿಮ್ಮ ಕೈಲಿ ಆಗುತ್ತೆ, ನಂಬಿ' ಅಂತ ಅರ್ಧ ಗಂಟೆ ಕೊರೆದೆ. ಹುಡುಗರು ತಲೆಯಾಡಿಸಿದರು. ಮುಂದಿನ ಪಂದ್ಯದಲ್ಲಿ 4 ಗೋಲು ತಿಂದು ಬಂದರು.

ಆಮೇಲೆ ಬಾಯಿ ಮುಚ್ಚಿಕೊಂಡು ಒಂದು ಪಂದ್ಯ ಪೂರ್ತಿ ನೋಡಿದೆ. ಗೋಲು ಬಿದ್ದ ಮೇಲೆ ನಮ್ಮವರು ಯಾರೂ ಬಾಲ್ ಕೇಳುತ್ತಲೇ ಇರಲಿಲ್ಲ. ಎದುರಾಳಿಯ ಬೆನ್ನ ಹಿಂದೆ ನಿಂತುಬಿಡುತ್ತಿದ್ದರು. ಬಾಲ್ ಸಿಕ್ಕವನಿಗೆ ಪಾಸ್ ಕೊಡಲು ಯಾರೂ ಇಲ್ಲ, ಎತ್ತಿ ಒದೆಯುತ್ತಿದ್ದ. ಅದು ಅವರಿಗೇ ಸಿಕ್ಕಿ ಮತ್ತೆ ನಮ್ಮ ಮೇಲೇ ಬರುತ್ತಿತ್ತು. ಹೊರಗಿನವರಿಗೆ ಇದು ಸೋಮಾರಿತನದಂತೆ ಕಾಣುತ್ತದೆ. ಅದು ಭಯ. ತಪ್ಪು ಮಾಡಿದರೆ ಸೈಡ್‌ಲೈನ್‌ನಿಂದ ಬೈಗುಳ ಬರುತ್ತೆ ಅನ್ನುವ ಭಯ. ಬೈಯುತ್ತಿದ್ದವನು ನಾನೇ.

ಬೈಯುವುದನ್ನು ಬಿಟ್ಟೆ, ಪೂರ್ತಿ ಅಲ್ಲದಿದ್ದರೂ. ಜೊತೆಗೆ ಗೋಲು ಬಿದ್ದ ಮೇಲಿನ 5 ನಿಮಿಷಕ್ಕೆಂದೇ ಪ್ರಾಕ್ಟೀಸ್ ಮಾಡಿಸಿದೆ. ಆಟ 0-1ರಿಂದಲೇ ಶುರು. ಒಬ್ಬ ನೆಟ್‌ನಿಂದ ಬಾಲ್ ತಂದು ಮಧ್ಯದಲ್ಲಿ ಇಡಬೇಕು. ಕಿಕ್ ಆಫ್ ಆದ ಮೇಲೆ ಹಿಂದಕ್ಕೆ ಕೊಟ್ಟು 5 ಸಣ್ಣ ಪಾಸ್. ಅಷ್ಟರೊಳಗೆ ಯಾರೂ ಹೀರೋ ಆಗಬಾರದು. ಮುಂದಿನ 3 ಪಂದ್ಯದಲ್ಲಿ ಒಂದು ಸೋಲು, ಒಂದು ಡ್ರಾ, ಒಂದು ಗೆಲುವು. ಮ್ಯಾಜಿಕ್ ಏನಲ್ಲ.

ದೊಡ್ಡವರೂ ಹೀಗೇ ಕುಸಿಯುತ್ತಾರೆ. 2014ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಬ್ರೆಜಿಲ್ ತನ್ನ ನೆಲದಲ್ಲೇ 23ರಿಂದ 29ನೇ ನಿಮಿಷದೊಳಗೆ ಜರ್ಮನಿಯಿಂದ 4 ಗೋಲು ತಿಂದಿತ್ತು. ಉಲ್ಟಾ ಉದಾಹರಣೆ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್‌ನ 2005ರ ಇಸ್ತಾಂಬುಲ್ ಫೈನಲ್. ಅರ್ಧ ಹೊತ್ತಿಗೆ ಮಿಲಾನ್ ಎದುರು 0-3 ಹಿಂದಿದ್ದ ಲಿವರ್‌ಪೂಲ್ 54ರಿಂದ 60ನೇ ನಿಮಿಷದೊಳಗೆ 3 ಗೋಲು ಹೊಡೆದು, ಕೊನೆಗೆ ಪೆನಾಲ್ಟಿಯಲ್ಲಿ ಗೆದ್ದಿತು. ಎಲ್ಲರೂ ಡ್ರೆಸ್ಸಿಂಗ್ ರೂಮಿನ ಮಾತಿನ ಬಗ್ಗೆಯೇ ಹೇಳುತ್ತಾರೆ. ಆದರೆ ಲಿವರ್‌ಪೂಲ್ ಕೋಚ್ ಬೆನಿಟೆಜ್ ಆಗ ಬೆಂಚ್‌ನಲ್ಲಿದ್ದ ಹಾಮನ್‌ನನ್ನು ಮಧ್ಯಕ್ಕೆ ಇಳಿಸಿ, ಡಿಫೆನ್ಸ್ ಅನ್ನು 3 ಜನಕ್ಕೆ ಬದಲಿಸಿದ್ದರು. ಹುಡುಗರಿಗೆ ಧೈರ್ಯದ ಜೊತೆ ಮಾಡಲು ಒಂದು ಕೆಲಸವೂ ಸಿಕ್ಕಿತು, ಅಲ್ವಾ?

ಸಕಲೇಶಪುರದಿಂದ

ಪ್ರಾಕ್ಟೀಸ್‌ಗೆ ಯಾಕೆ ಬರುತ್ತಿಲ್ಲ ಅಂತ ಒಬ್ಬೊಬ್ಬರನ್ನೇ ಕೇಳಿದ್ದೀರಾ? ನಾವು ಒಂದು ಸೀಸನ್ ಪೂರ್ತಿ 'ಕಮಿಟ್‌ಮೆಂಟ್ ಇಲ್ಲ' ಅಂತ ಗೊಣಗಿದೆವು. ಅದು ಡಿಸೆಂಬರ್, ಜನವರಿ. ಕಾಫಿ ಕುಯ್ಲಿನ ಟೈಮ್. ಪ್ರಾಕ್ಟೀಸ್ ಸಂಜೆ 4ಕ್ಕೆ ಇಟ್ಟಿದ್ದೆವು, ಅರ್ಧ ಹುಡುಗರು ಆ ಹೊತ್ತಿಗೆ ತೋಟದಲ್ಲೇ ಇರುತ್ತಿದ್ದರು! ಬೆಳಿಗ್ಗೆ ಆರೂವರೆಗೆ ಬದಲಿಸಿದೆವು. ಮಂಜಿನಲ್ಲಿ ಬಾಲ್ ಕಾಣಿಸೋದು ಕಷ್ಟ, ಆದರೂ 12 ಜನ ಬಂದರು. ತೋಟದ ಲೈನ್ ಮನೆಗಳಲ್ಲಿರುವ ಅಸ್ಸಾಮಿನ 3 ಹುಡುಗರೂ ಸೇರಿದರು. ಅವರ ಓಟ ನೋಡಿ ನಮ್ಮವರಿಗೆ ನಾಚಿಕೆಯಾಗಿ ಫಿಟ್‌ನೆಸ್ ಸುಧಾರಿಸಿತು.

ಟೈಮ್ ಸರಿ ಮಾಡಿದ ಮೇಲೆ ಮಾತ್ರ ರೂಲ್ ತನ್ನಿ. ವಾರದಲ್ಲಿ ಎರಡು ಸಲ ತಪ್ಪಿಸಿದವನು ಬೆಂಚ್‌ಗೆ. ನಮ್ಮ ಒಳ್ಳೆಯ ಸ್ಟ್ರೈಕರ್‌ನನ್ನೇ ಕೂರಿಸಿ ಆ ಪಂದ್ಯ ಸೋತೆವು. ಬೇಜಾರಾಗಲಿಲ್ಲ ಅಂದರೆ ಸುಳ್ಳು. ಮುಂದಿನ ವಾರದಿಂದ ಅವನೇ ಎಲ್ಲರಿಗಿಂತ ಮೊದಲು ಬರುತ್ತಿದ್ದ.

ಕಡೂರಿನಿಂದ

ಮೊದಲು ಬೂಟ್ ನೋಡಿ. ಮಳೆಗಾಲದ ಕೆಸರಲ್ಲಿ ಸ್ಟಡ್ ಸವೆದ ಬೂಟ್ ಹಾಕಿಕೊಂಡು ಯಾರು ಟ್ಯಾಕಲ್‌ಗೆ ಹೋಗ್ತಾರೆ? ಅದನ್ನೇ ನಾವು ಧೈರ್ಯ ಕಮ್ಮಿ ಅಂದುಕೊಂಡಿದ್ದೆವು.

ಹಾಸನದಿಂದ

ಎಲ್ಲಾ ಸರಿ. ಆದರೆ ಗೆಲುವಿಲ್ಲದೆ ಕಾನ್ಫಿಡೆನ್ಸ್ ಬರಲ್ಲ. ನಿಮಗಿಂತ ಸ್ವಲ್ಪ ಕಡಿಮೆ ತಂಡದ ಜೊತೆ ಎರಡು ಫ್ರೆಂಡ್ಲಿ ಆಡಿ. ಅದರಲ್ಲಿ ಅವಮಾನ ಏನಿಲ್ಲ. ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗ್‌ನ 2022-23ರ ಸೀಸನ್ ಶುರುವಿನಲ್ಲಿ ಸೋತು ಸುಣ್ಣವಾಗಿತ್ತು. ಆಮೇಲೆ ಲೀಗ್‌ನ ಕೊನೆಯ 8 ಪಂದ್ಯ ಸಾಲಾಗಿ ಗೆದ್ದು, ಫೈನಲ್‌ವರೆಗೆ ಹೋಗಿ ಪೆನಾಲ್ಟಿಯಲ್ಲಿ ಸೋತಿತು. ಒಂದು ಗೆಲುವು ಇನ್ನೊಂದನ್ನು ಎಳೆದುಕೊಂಡು ಬರುತ್ತೆ.

ಇನ್ನೊಂದು ವಿಷಯ. 'ಅದೇ ಹುಡುಗರು' ಅಂದಿರಿ. ನಿಜವಾಗಲೂ ಅದೇ ಹುಡುಗರಾ? ಲೆಸ್ಟರ್ ತಂಡ 2016ರಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದಾಗ ಎಲ್ಲರೂ ಅವರ ಆತ್ಮವಿಶ್ವಾಸ ಹೊಗಳಿದರು. ಮುಂದಿನ ಫೆಬ್ರವರಿಗೆ ಕೋಚ್ ರಾನಿಯೇರಿಯ ಕೆಲಸವೇ ಹೋಯಿತು. ಅಷ್ಟು ಬೇಗ ಆತ್ಮವಿಶ್ವಾಸ ಎಲ್ಲಿ ಹೋಯ್ತು? ಮಧ್ಯದಲ್ಲಿ ಆಡುತ್ತಿದ್ದ ಕಾಂಟೆ ಚೆಲ್ಸಿ ತಂಡಕ್ಕೆ ಹೋಗಿದ್ದ, ಅದೂ ಒಂದು ಉತ್ತರ.

ಕೇಳಿದವರು, ಚಿಕ್ಕಮಗಳೂರು

ಹಾಸನದವರು ಸರಿಯಾದ ಜಾಗಕ್ಕೇ ಚುಚ್ಚಿದಿರಿ. ಒಬ್ಬ ಇಲ್ಲ. ಮಧ್ಯದಲ್ಲಿ ಆಡುತ್ತಿದ್ದ ಹುಡುಗ ಜೂನ್‌ನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋದ. ಗೋಲು ಹೊಡೆಯುವವನಲ್ಲ, ಹಾಗಾಗಿ ನಾವು ಲೆಕ್ಕಕ್ಕೇ ಇಟ್ಟಿರಲಿಲ್ಲ. ಮೂಡಿಗೆರೆಯವರು ಬರೆದದ್ದು ಓದುವಾಗ ನೆನಪಾಯಿತು, ಗೋಲು ಬಿದ್ದಾಗ ನೆಟ್‌ನಿಂದ ಬಾಲ್ ತಂದು ಮಧ್ಯದಲ್ಲಿ ಇಡುತ್ತಿದ್ದವನು ಅವನೇ.

ಮಂಗಳವಾರ ಬೆಳಿಗ್ಗೆ ಎಲ್ಲರನ್ನೂ ಕರೆದಿದ್ದೇನೆ. 0-1ರಿಂದ ಶುರು ಮಾಡುತ್ತೇವೆ. ಬಾಲ್ ತರೋಕೆ ಯಾರು ಓಡುತ್ತಾರೆ, ನೋಡೋಣ.