ಬಾಡಿಗೆ ಕಾರಿಗೆ ‘ಇನ್ಶೂರೆನ್ಸ್ ಸೇರಿದೆ’ ಅಂದರೆ ಯಾವುದಕ್ಕೆಲ್ಲ?

ಪ್ರಶ್ನೆ:
ನಾವೇ ಓಡಿಸೋಕೆ 5 ದಿನಕ್ಕೆ ಕಾರು ಬಾಡಿಗೆಗೆ ತಗೊಳ್ತಿದ್ದೀವಿ. ಬುಕಿಂಗ್‌ನಲ್ಲಿ ಇನ್ಶೂರೆನ್ಸ್ ಸೇರಿದೆ ಅಂತಿದೆ. ಆದರೂ ಡ್ಯಾಮೇಜ್ ವೇವರ್ ಬೇಕಾ ಅಂತ ಕೇಳ್ತಿದ್ದಾರೆ, ಡೆಪಾಸಿಟ್ ಬೇರೆ. ಕ್ರೆಡಿಟ್ ಕಾರ್ಡ್ ಜೊತೆ ಕವರ್ ಇದೆ, ವೇವರ್ ಬಿಡಬಹುದಾ? ಓಡಿಸೋರು ಇಬ್ಬರು.

ಉತ್ತರ 1:
ಸೇರಿರುವುದು ಥರ್ಡ್ ಪಾರ್ಟಿ ಮಾತ್ರವೋ ಎಂದು ಮೊದಲು ನೋಡಿ. ಅದು ನಿಮ್ಮಿಂದ ಬೇರೆಯವರಿಗೆ, ಅವರ ಆಸ್ತಿಗೆ ಆದ ಹಾನಿಗೆ. ಬಾಡಿಗೆ ಕಾರಿಗೇ ಪೆಟ್ಟಾದರೆ ವೇವರ್ ಬೇಕು. ವೇವರ್ ನಿಜವಾಗಿ ವಿಮೆಯಲ್ಲ. ನಿಮ್ಮಿಂದ ವಸೂಲಿ ಮಾಡುವ ಹಕ್ಕನ್ನು ಕಂಪನಿ ಬಿಟ್ಟುಕೊಡುವ ಕರಾರು. ಅದರಲ್ಲೂ ನಿಮ್ಮ ಪಾಲಿಗೆ ಉಳಿಯುವ ಮೊತ್ತವೇ ಎಕ್ಸೆಸ್. ಎಕ್ಸೆಸ್ 10,000 ಇದ್ದು ರಿಪೇರಿಗೆ 40,000 ಆದರೆ ನೀವು ಕೊಡುವುದು 10,000. ರಿಪೇರಿ 8,000 ಆದರೆ ಪೂರ್ತಿ ನಿಮ್ಮದೇ. ಡೆಪಾಸಿಟ್ ಹಿಡಿದಿಟ್ಟುಕೊಳ್ಳುವುದು ಮುಖ್ಯವಾಗಿ ಇದಕ್ಕೇ.

ಉತ್ತರ 2:
ವೇವರ್ ತಗೊಂಡರೂ ಟೈರ್, ರಿಮ್, ಗಾಜು, ಕಾರಿನ ಅಡಿಭಾಗ, ಕಳೆದುಹೋದ ಕೀ ಇವೆಲ್ಲ ಹಲವು ಕರಾರುಗಳಲ್ಲಿ ಹೊರಗೇ. ಪೆಟ್ರೋಲ್ ಕಾರಿಗೆ ಡೀಸೆಲ್ ಹಾಕಿಸಿದರೂ ಅಷ್ಟೇ. ನೀರು ನಿಂತ ರಸ್ತೆಯಲ್ಲಿ ಎಂಜಿನ್ ಆಫ್ ಆದರೆ ದಯವಿಟ್ಟು ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರ್‌ಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ನಿರ್ಲಕ್ಷ್ಯವೆಂದು ಕ್ಲೇಮ್ ತಳ್ಳಿಹಾಕಬಹುದು. ಟೋ ಮಾಡಿಸಿ.

ಎರಡನೇ ಡ್ರೈವರ್ ಹೆಸರು ಕರಾರಿನಲ್ಲಿ ಇರಲೇಬೇಕು. ಹೆಸರಿಲ್ಲದವರು ಓಡಿಸುವಾಗ ಅಪಘಾತವಾದರೆ ವೇವರ್ ಪೂರ್ತಿ ರದ್ದಾಗಬಹುದು.

ಉತ್ತರ 3:
ಕಾರ್ಡ್ ಕವರ್ ನಂಬುವ ಮೊದಲು ಅದರ ಷರತ್ತು ತರಿಸಿಕೊಂಡು ಓದಿ. ಸಾಮಾನ್ಯವಾಗಿ ಬಾಡಿಗೆ ಪೂರ್ತಿ ಅದೇ ಕಾರ್ಡಿನಲ್ಲಿ ಕಟ್ಟಿರಬೇಕು, ಕಾರ್ಡುದಾರರೇ ಮುಖ್ಯ ಡ್ರೈವರ್ ಆಗಿರಬೇಕು. ಕಂಪನಿಯ ವೇವರ್ ತಗೊಂಡರೆ ಕಾರ್ಡ್ ಕವರ್ ಹೋಗುವುದೂ ಉಂಟು, ಹಾಗಾಗಿ ಎರಡೂ ಇರಲಿ ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ. ಥರ್ಡ್ ಪಾರ್ಟಿ ಅದರಲ್ಲಿ ಬಹುತೇಕ ಇರುವುದಿಲ್ಲ. ಅನೇಕ ಸಲ ಮೊದಲು ನೀವು ಕಟ್ಟಿ, ಆಮೇಲೆ ಕರಾರು ಪತ್ರ, ರಿಪೇರಿ ಬಿಲ್, ಪೊಲೀಸ್ ದೂರಿನ ಪ್ರತಿ ಕೊಟ್ಟು ವಾಪಸ್ ಪಡೆಯಬೇಕು. ಕಾರು ಗ್ಯಾರೇಜಿನಲ್ಲಿ ನಿಂತ ದಿನಗಳ ಬಾಡಿಗೆಯನ್ನೂ ಕಂಪನಿ ಕೇಳಬಹುದು. ಅದು ಕವರ್‌ನಲ್ಲಿದೆಯೇ ಎಂದು ಬರಹದಲ್ಲೇ ಕೇಳಿ.

ಪ್ರಶ್ನೆ ಕೇಳಿದವರು:
ಧನ್ಯವಾದ. ಹಳೇ ಗೀರುಗಳನ್ನ ನಮ್ಮ ತಲೆಗೆ ಕಟ್ಟದ ಹಾಗೆ ಏನ್ ಮಾಡೋದು?

ಉತ್ತರ 2:
ಕಾರು ತಗೊಳ್ಳುವಾಗಲೇ ಸುತ್ತ ವಿಡಿಯೊ ಮಾಡಿ: ನಾಲ್ಕೂ ರಿಮ್, ಬಂಪರಿನ ಕೆಳ ಅಂಚು, ಮುಂದಿನ ಗಾಜು, ಓಡೋಮೀಟರ್, ಇಂಧನದ ಮಟ್ಟ. ಕಂಡ ಗೀರನ್ನೆಲ್ಲ ಅವರ ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿ. ವಾಪಸ್ ಕೊಡುವಾಗಲೂ ಹೀಗೇ. ರಾತ್ರಿ ಯಾರೂ ಇಲ್ಲದಾಗ ಕೀ ಬಾಕ್ಸ್‌ಗೆ ಹಾಕಿ ಬರಬೇಡಿ. ಸಿಬ್ಬಂದಿ ಬಂದು ನೋಡುವವರೆಗೂ ಹೊಣೆ ನಿಮ್ಮದೇ ಎಂದು ಎಷ್ಟೋ ಕರಾರುಗಳಲ್ಲಿ ಬರೆದಿರುತ್ತದೆ.